ದಾರ ಕಟ್ಟಿದ ಬಾಳೆಲೆಗಳು

ಬಿಸಿಲು ಕೂಡ ಎಲೆ ತೊಳೆಯುತ್ತದೆ ಎಂದು ನನಗೆ ಹೇಳಿದವಳು ಕೊನೆಯ ತಂಗಿಯ ಮಗಳು. ನಾರಾವಿಯ ಹುಡುಗಿ, ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಕಡೆಯ ವರ್ಷ ಓದುತ್ತಿದ್ದಳು. ಲಾರಿ ಬಸ್ಸುಗಳ ಹೊಗೆ ಎಲೆಯ ಮೇಣಕ್ಕೆ ಅಂಟಿ ಕೂರುತ್ತದಂತೆ. ಅದರಲ್ಲಿರುವ ವಿಷವನ್ನು ಬಿಸಿಲು ದಿನವೂ ಅಷ್ಟಷ್ಟೇ ಒಡೆದುಹಾಕುತ್ತದಂತೆ. ಎಷ್ಟು ಒಡೆಯುತ್ತದೆ ಎಂದು ಅಳೆಯುವುದೇ ಅವಳ ಪ್ರಾಜೆಕ್ಟ್. ಅದಕ್ಕೆ ಹೊಗೆ ತಿಂದ ಎಲೆ ಬೇಕಿತ್ತು. ಫರಂಗಿಪೇಟೆಯಲ್ಲಿ ಹೈವೇಗೆ ತಾಗಿ ಮನೆ ಇರುವ ನನ್ನ ಹತ್ತಿರ ಬೇರೇನಿಲ್ಲದಿದ್ದರೂ ಅದು ಧಾರಾಳವಾಗಿತ್ತು.

ಆ ಧೂಳಿನೊಂದಿಗೆ ಗುದ್ದಾಡಿ ನಾನು ಸೋತವಳು. ಬೆಳಿಗ್ಗೆ ಒರೆಸಿದ ಕಿಟಕಿಯಲ್ಲಿ ಮಧ್ಯಾಹ್ನಕ್ಕೆ ಬೆರಳಿನಿಂದ ಬರೆಯಬಹುದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಶನಿವಾರದ ಇನ್ಸ್‌ಪೆಕ್ಷನ್ನಿಗೆ ಬಿಳಿ ಕರ್ಚೀಫು ಹಿಡಿದು ಬಂದು ಡೆಸ್ಕ್ ಉಜ್ಜಿ ನೋಡುತ್ತಿದ್ದರು. ಅಂದು ಕೈಗೆ ಬಂದ ಡಸ್ಟರ್ ಎಪ್ಪತ್ತು ದಾಟಿದ ಮೇಲೂ ಬಿಟ್ಟಿಲ್ಲ. ಒರೆಸುವುದರಲ್ಲಿ ಈಗ ಸುಖವೇನೂ ಉಳಿದಿಲ್ಲ. ನಿಲ್ಲಿಸಿದರೆ ಮತ್ತೇನು ಮಾಡಲಿ ಎಂಬ ಹೆದರಿಕೆ, ಅಷ್ಟೇ.

ಜನವರಿಯ ಕಡೆಯ ಭಾನುವಾರ ಅವಳು ಬಂದು ಕಾಂಪೌಂಡಿನ ಬದಿಯ ಬಾಳೆಗಿಡಗಳಲ್ಲಿ ಎಂಟು ಎಲೆ ಆರಿಸಿದಳು. ನಾಲ್ಕರ ಮೇಲೆ, ಕೋಲು ಊರಿ, ಮನೆಯ ಮಾಡಿನ ಹಾಗೆ ಕಪ್ಪು ಬಟ್ಟೆ ಕಟ್ಟಿದಳು. ಬದಿಯಿಂದ ಹೊಗೆ ಬರಬೇಕು, ಬಿಸಿಲು ಮಾತ್ರ ಬೀಳಬಾರದು. ಉಳಿದ ನಾಲ್ಕು ಬಿಸಿಲಿಗೇ ಇದ್ದವು.

"ದೊಡ್ಡಮ್ಮ, ಕಪ್ಪು ಬಟ್ಟೆ ಮುಟ್ಲಿಕ್ಕಿಲ್ಲ ಆಯ್ತಾ? ನಿಮ್ಮದು ಸುಮ್ಮನೆ ಕೂರುವ ಕೈ ಅಲ್ಲ."

"ನಾನೆಂತಕ್ಕೆ ಮುಟ್ತೇನೆ ಮಾರಾಯ್ತಿ! ಸಂಕ್ರಮಣಕ್ಕೆ ನನಗೊಂದು ಎಲೆ ಉಳಿಸು, ಸಾಕು."

"ನಿಮಗೂ ದೈವಕ್ಕೂ ಬೇಕಾದಷ್ಟು ಉಂಟು," ಎಂದು ನಗುತ್ತ ಬಸ್ಸಿಗೆ ಓಡಿದಳು.

ಪ್ರತಿ ಸಂಕ್ರಮಣದಂದು ಕುಡಿ ಬಾಳೆಲೆಯಲ್ಲಿ ದೈವಕ್ಕೆ ಬಡಿಸಿಡುವುದು ನಮ್ಮ ಮನೆಯ ಕ್ರಮ. ನನ್ನ ಅತ್ತೆ ಇದ್ದಾಗ, ಒಳ್ಳೆಯ ಎಲೆ ಕಂಡರೆ ಅದರ ದಂಟಿಗೆ ಬಾಳೆಯ ನಾರು ಕಟ್ಟಿಬಿಡುತ್ತಿದ್ದರು. ನಾರು ಕಟ್ಟಿದರೆ ಅದು ದೈವಕ್ಕೆ ಮೀಸಲು, ಬೇರೆಯವರು ಕೊಯ್ಯುವಂತಿಲ್ಲ. ಮುನ್ನಾದಿನ ಅದನ್ನು ಗಿಡದಲ್ಲಿಯೇ ಒದ್ದೆ ಬಟ್ಟೆಯಿಂದ ಒರೆಸಿಡಬೇಕು.

ಫೆಬ್ರವರಿಯ ಸಂಕ್ರಮಣದ ಮುನ್ನಾದಿನ ನೋಡುತ್ತೇನೆ, ಬಿಸಿಲಿನಲ್ಲಿದ್ದ ನಾಲ್ಕೂ ಎಲೆಗಳ ದಂಟಿಗೆ ಬಿಳಿ ದಾರ! ಎಷ್ಟು ಸೈನ್ಸ್ ಓದಿದರೂ ಹುಡುಗಿ ಚಿಕ್ಕಂದಿನ ರಜೆಗಳಲ್ಲಿ ಇಲ್ಲಿ ಕಂಡ ಕ್ರಮ ಮರೆತಿಲ್ಲ, ನಾರು ಸಿಗದೆ ದಾರ ಕಟ್ಟಿ ಹೋಗಿದ್ದಾಳೆ ಎಂದುಕೊಂಡೆ. ಮುಟ್ಟಬಾರದೆಂದಿದ್ದದ್ದು ಕಪ್ಪು ಬಟ್ಟೆಯನ್ನು ಮಾತ್ರ. ಕಣ್ಣು ಸ್ವಲ್ಪ ಒದ್ದೆಯೂ ಆಯಿತು. ಸ್ಟೂಲ್ ಹತ್ತಿ ನಾಲ್ಕನ್ನೂ ಎರಡು ಬದಿಯಲ್ಲಿ ಒರೆಸಿದೆ. ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು, ಸೊಂಟ ಹಿಡಿದುಕೊಂಡಿತು. ಮರುದಿನ ಬೆಳಿಗ್ಗೆ ನೋಡಿದರೆ ಲಾರಿಗಳ ಗಾಳಿಗೆ ಎಲ್ಲವೂ ಸೀಳಿದ್ದವು. ಸೀಳಿದ್ದು ದೈವಕ್ಕಾಗದು. ಹಿಂಬದಿಯ ಗಿಡದಿಂದ ಬೇರೊಂದು ಎಲೆ ಕೊಯ್ದು ಕೆಲಸ ಮುಗಿಸಿದೆ.

ನಾಲ್ಕೈದು ದಿನ ಬಿಟ್ಟು ಅವಳು ಬಂದು ಎಂಟೂ ಎಲೆಗಳಿಂದ ತುಂಡು ಕತ್ತರಿಸಿಕೊಂಡು ಹೋದಳು. ಅಷ್ಟರಲ್ಲಿ ಮೇಲೆ ತೆಳ್ಳಗೆ ಹೊಸ ಧೂಳು ಕೂತಿತ್ತು, ಅವಳಿಗೇನೂ ಗೊತ್ತಾಗಲಿಲ್ಲ.

ಮರುವಾರ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಅಡುಗೆಮನೆಗೆ ನುಗ್ಗಿದಳು.

"ರಿಸಲ್ಟ್ ನೋಡಿ ನಮ್ಮ ಮೇಡಂಗೇ ನಂಬ್ಲಿಕ್ಕೆ ಆಗ್ಲಿಲ್ಲ ದೊಡ್ಡಮ್ಮ! ಕಪ್ಪು ಬಟ್ಟೆ ಅಡಿಯದ್ದರಲ್ಲಿ ವಿಷ ಹಾಗೇ ಉಂಟು. ದಾರ ಕಟ್ಟಿದ್ದರಲ್ಲಿ ಹೆಚ್ಚುಕಡಿಮೆ ಎಂತದೂ ಇಲ್ಲ. ಸೆಮಿನಾರಿನಲ್ಲಿ ನಾನೇ ಓದ್ಬೇಕಂತೆ."

"ದಾರ ಕಟ್ಟಿದ್ದಾ?"

"ಹೌದು, ಬಿಸಿಲಿನದ್ದು ಅಂತ ಗುರ್ತ ಸಿಗ್ಲಿಕ್ಕೆ."

ನಾನು ಅವಳಿಗೆ ಬೆನ್ನು ಹಾಕಿ ಚಹಾಕ್ಕೆ ನೀರಿಟ್ಟೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಗು ಅಷ್ಟು ಜನರೆದುರು ನಿಂತು ನನ್ನ ಒದ್ದೆ ಬಟ್ಟೆಯ ಕೆಲಸವನ್ನು ಬಿಸಿಲಿನದ್ದೆಂದು ಓದಬೇಕಾಗುತ್ತಿತ್ತು. ಮಾರಲ್ ಸೈನ್ಸಿನಲ್ಲಿ ಫಸ್ಟ್ ಪ್ರೈಜ್ ಪಡೆದವಳು ನಾನು. ಆ ಪ್ರೈಜು ಆಗ ಉಪಯೋಗಕ್ಕೆ ಬರಲಿಲ್ಲ. ಆನೆಸ್ಟಾಗಿ ಹೇಳುತ್ತೇನೆ, ನನ್ನ ಬಾಯಿ ಬಿಡಿಸಿದ್ದು ಸುಸ್ತು. ಈ ವಯಸ್ಸಿನಲ್ಲಿ ಇನ್ನೊಂದು ಗುಟ್ಟು ಹೊತ್ತು ತಿರುಗುವ ತ್ರಾಣ ಇರಲಿಲ್ಲ.

"ಅದು ಬಿಸಿಲಲ್ಲ ಮಗಾ. ನಾನು ಒರೆಸಿದ್ದು. ದೈವಕ್ಕೆ ಇಟ್ಟದ್ದು ಅಂತ ಎಣಿಸಿದೆ."

"ಎಷ್ಟು ಎಲೆ?"

"ನಾಲ್ಕೂ."

"ಅಡಿಬದಿ?"

"ಅದನ್ನೂ."

"ಅದನ್ನೂ!" ಎಂದು ತಲೆಯ ಮೇಲೆ ಕೈಯಿಟ್ಟು ನೆಲದ ಮೇಲೆಯೇ ಕೂತಳು. "ರಿಪೋರ್ಟ್ ಕೊಡ್ಲಿಕ್ಕೆ ಇನ್ನು ಒಂದೇ ತಿಂಗಳು ಇರುವುದು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಚಹಾ ಕುಡಿಯದೆ ಹೋದಳು.

ಮರುದಿನವೇ ಬಂದು ಹೊಸ ಎಲೆಗಳಿಗೆ ದಾರ ಕಟ್ಟಿದಳು. ಮಾತು ಎಷ್ಟು ಬೇಕೋ ಅಷ್ಟೇ. ಮೂರು ವಾರ ನಾನು ಆ ಬದಿಗೆ ಬಟ್ಟೆ ಒಯ್ಯಲಿಲ್ಲ. ಕಪ್ಪು ಕೂರುವುದನ್ನು ಜಗಲಿಯಿಂದಲೇ ನೋಡಿದೆ. ಮಾರ್ಚಿನ ಸಂಕ್ರಮಣಕ್ಕೆ ಎಲೆಯನ್ನು ಬಂಟ್ವಾಳ ಪೇಟೆಯಿಂದ ತರಿಸಿದೆ.

ಕೊನೆಗೆ ಬಂದ ರಿಸಲ್ಟನ್ನು ಹೇಳಲು ಅವಳೇ ಬಂದಳು.

"ಬಿಸಿಲಿನದ್ದರಲ್ಲಿ ಕಡಿಮೆ ಉಂಟು. ತುಂಬಾ ಏನಲ್ಲ. ಅಡಿಬದಿಯಲ್ಲಿ ಹಾಗೇ ಉಂಟು."

"ಅಷ್ಟೇನಾ?"

"ಅಷ್ಟೇ. ಬಿಸಿಲು ಒಡೀತಾ ಇರ್ತದೆ, ಲಾರಿ ಹೋಗ್ತಾ ಇರ್ತದೆ."

ಸೆಮಿನಾರಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

"ನಿಮ್ಮನ್ನು ರಿಪೋರ್ಟಿನಲ್ಲಿ ಹಾಕಿದ್ದೇನೆ," ಎಂದಳು. "ಮೊದಲ ಪ್ರಯೋಗ ಯಾಕೆ ಹಾಳಾಯ್ತು ಅಂತ ಬರೀಬೇಕಲ್ಲ."

"ಹೆಸರೂ ಹಾಕಿದ್ದೀಯಾ?"

"ಇಲ್ಲ. 'ಮನೆಯ ಹಿರಿಯರು ಶ್ರದ್ಧೆಯಿಂದ ಒರೆಸಿದ್ದರಿಂದ' ಅಂತ ಬರ್ದಿದ್ದೇನೆ. ಮೇಡಂ ಆ 'ಶ್ರದ್ಧೆಯಿಂದ' ಅನ್ನುವುದನ್ನು ಹೊಡೆದುಹಾಕಿದ್ರು."

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ಒಂದು ತಿಂಗಳಲ್ಲಿ ಮೊದಲ ಸಲ. ನನಗೆ ಅಷ್ಟು ಸಾಕಾಯಿತು.