ನಾಗಕನ್ಯೆಯ ಕೂದಲು

ನನ್ನ ಅಣ್ಣ ಹದಿನಾರು ವರ್ಷ ಹಾವಾಗಿದ್ದ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಊರೂರು ತಿರುಗುವ ಎಗ್ಸಿಬಿಷನ್ನುಗಳಲ್ಲಿ ಜಾಯಿಂಟ್ ವೀಲಿನ ಪಕ್ಕ ಒಂದು ಟೆಂಟು ಹಾಕಿ, ಮೇಲೆ ‘ಅರ್ಧ ಹೆಣ್ಣು ಅರ್ಧ ಹಾವು’ ಎಂದು ಬೋರ್ಡು ಬರೆಸಿರುತ್ತಾರಲ್ಲ, ಅದರೊಳಗೆ ಮೇಜಿನ ಮೇಲೆ ಹೆಣ್ಣಿನ ತಲೆ, ಹಾವಿನ ಮೈ ಹೊತ್ತು ಮಾತಾಡುತ್ತಿದ್ದ ನಾಗಕನ್ಯೆ ನನ್ನ ಅಣ್ಣನೇ. ಅವನು ಅನ್ನಬೇಕೋ ಅವಳು ಅನ್ನಬೇಕೋ ಎಂದು ಈಗಿನವರು ಕೇಳುತ್ತಾರೆ. ನಾನೂ ಒಮ್ಮೆ ಕೇಳಿದ್ದೆ. “ಮನೇಲಿ ನಿಂಗೆ ಅಣ್ಣ, ಟೆಂಟಲ್ಲಿ ಎಲ್ರಿಗೂ ಅಕ್ಕ. ಮಿಕ್ಕಿದ್ ಕಡೆ ಏನ್ ಕರುದ್ರೂ ತಿರುಗಿ ನೋಡ್ತೀನಿ ಬುಡು” ಎಂದಿದ್ದ. ಆದ್ದರಿಂದ ಇಲ್ಲಿ ಅಣ್ಣ ಎಂದೇ ಬರೆಯುತ್ತೇನೆ.

ನಮ್ಮದು ಪೂರಿಗಾಲಿಯ ಕಡೆಯ ಒಂದು ಹಳ್ಳಿ. ನಮ್ಮೂರಲ್ಲಿ ಪೌರಾಣಿಕ ನಾಟಕ ಆಡಿಸುವ ಚಟ ಊಟದ ಚಟಕ್ಕಿಂತ ಹೆಚ್ಚು. ಅಣ್ಣ ಹದಿನೈದರಲ್ಲೇ ದ್ರೌಪದಿಯಾದ. ಅವನು ಹಾಡಲು ನಿಂತರೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅಪ್ಪ ಮುಂದಿನ ಸಾಲಿನಲ್ಲಿ ಕೂತು ಮೀಸೆ ತಿರುವುತ್ತಿದ್ದ. ಆಮೇಲೆ ಮೈಸೂರಿನಿಂದ ನಟಿಯರನ್ನು ಕರೆಸುವ ರೂಢಿ ಬಂತು. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಸಿಗುವಾಗ ಇವನ್ಯಾಕೆ? ದ್ರೌಪದಿಯಾಗಿದ್ದವನ ಕೈಗೆ ಗದೆ ಕೊಟ್ಟರು. ಅವನು ಗದೆಯನ್ನು ಅಲ್ಲೇ ಇಟ್ಟು ಮನೆಗೆ ಬಂದ. ಕೂದಲು ಮಾತ್ರ ಕತ್ತರಿಸಲಿಲ್ಲ, ಕಣ್ಣಿನ ಕಾಡಿಗೆಯನ್ನೂ ತೊಳೆಯಲಿಲ್ಲ. ಮಗ ಸ್ಟೇಜಿನ ಮೇಲಿದ್ದಾಗ ಮೀಸೆ ತಿರುವಿದ್ದ ಅಪ್ಪನೇ ಹಟ್ಟಿಯ ಮುಂದೆ ಅದನ್ನು ಕಂಡಾಗ ದೊಣ್ಣೆ ತೆಗೆದುಕೊಂಡ. ಆ ಬೆಳಗ್ಗೆ ಬಸ್ಸು ಹತ್ತಿದ ಅಣ್ಣ ಅಪ್ಪ ಬದುಕಿರುವವರೆಗೆ ಮನೆಯ ಹೊಸಿಲು ತುಳಿಯಲಿಲ್ಲ.

ನಾನು ಮದುವೆಯಾಗಿ ಹಲಗೂರಿಗೆ ಬಂದು, ಮುಂದೆ ಮಳವಳ್ಳಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟೆ. ಅಣ್ಣ ಆಗಾಗ ಫೋನು ಮಾಡುತ್ತಿದ್ದ. ಅವನ ಟೆಂಟು ಮದ್ದೂರಿಗೆ ಬಂದಾಗ ಅಂಗಡಿಗೆ ಬಟನ್ನು ತರಬೇಕೆಂದು ಗಂಡನಿಗೆ ಸುಳ್ಳು ಹೇಳಿ ಹೋದೆ. ಒಳಗೆ ಹೋದರೆ ಮೇಜು. ಮೇಜಿನ ಮೇಲೆ ಸುತ್ತಿಕೊಂಡಿದ್ದ ಬಟ್ಟೆಯ ಹಾವು, ಹಾವಿನ ತುದಿಗೆ ಅಣ್ಣನ ಮುಖ. ಹಲಗೆಯಲ್ಲಿ ಕತ್ತು ಹಿಡಿಯುವಷ್ಟು ತೂತು ಕೊರೆದಿರುತ್ತಾರೆ. ಕೆಳಗೆ ಮಂಡಿಯೂರಿ ಕೂತು ತಲೆಯನ್ನು ಮೇಲಕ್ಕೆ ತೂರಿಸಬೇಕು. ಕತ್ತಿಗೂ ಹಾವಿಗೂ ನಡುವೆ ಕಾಣುವ ಸಂದನ್ನು ಮುಚ್ಚುತ್ತಿದ್ದುದು ಅಣ್ಣನ ಕೂದಲು. ಸೊಂಟದವರೆಗೆ ಬೆಳೆದಿದ್ದ ಅದನ್ನು ಸುತ್ತಲೂ ಹರಡಿದರೆ ಸಾಕು, ಎಲ್ಲಿ ಹೆಣ್ಣು ಮುಗಿಯಿತು, ಎಲ್ಲಿ ಹಾವು ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಆ ಆಟದ ಜೀವವೇ ಕೂದಲು. ಮೈಕು ಹಿಡಿದವನು ಶಾಪದ ಕಥೆ ಹೇಳಿದ ಮೇಲೆ, “ಗೊಂಬೆ ಅಂತ ಅನುಮಾನ ಇದ್ರೆ ಯಾರಾದ್ರೂ ಒಬ್ಬ ತಾಯಿ ಬಂದು ಕೂದ್ಲು ಎಳ್ದು ನೋಡಿ!” ಎಂದು ಕರೆಯುತ್ತಿದ್ದ. ಅವತ್ತು ಪಕ್ಕದಲ್ಲಿದ್ದವರು ನನ್ನನ್ನೇ ಮುಂದೆ ದಬ್ಬಿದರು. ನಾನು ಹೂವು ಮುಟ್ಟಿದಂತೆ ಮುಟ್ಟಿದೆ. ಅಣ್ಣ ತುಟಿ ಅಲುಗಿಸದೆ, “ಜೋರಾಗಿ ಎಳಿಯೇ, ನಿಂಗೇನ್ ಕೂಳಿಲ್ವಾ? ಜನಕ್ಕೆ ನಂಬ್ಕೆ ಬರ್ಬೇಕು” ಎಂದ. ಎಳೆದೆ. ಅವನು “ಅಮ್ಮಾ!” ಎಂದು ಕೂಗಿದ, ಜನ ಹಿಂದೆ ಸರಿದರು. ಆಮೇಲೆ ಒಬ್ಬೊಬ್ಬರೇ ಬಂದು ಕೈ ಮುಗಿದು, ಮಗಳಿಗೆ ಗಂಡು ಸಿಗುತ್ತದಾ, ಬೋರಲ್ಲಿ ನೀರು ಬರುತ್ತದಾ ಎಂದು ಕೇಳಿದರು. ದ್ರೌಪದಿಯ ಆ ಹಳೆಯ ದನಿಯಲ್ಲಿ ಅವನು ಎಲ್ಲರಿಗೂ ಒಳ್ಳೆಯದನ್ನೇ ಹೇಳಿದ. ಮಂಡಿ ಎರಡೂ ಹುಣ್ಣಾಗಿದ್ದವು, ಆಮೇಲೆ ತೋರಿಸಿದ. ಆದರೂ ಅವನು ಸುಖವಾಗಿದ್ದಾನೆ ಎಂದೇ ನನಗನ್ನಿಸಿತು. ನಮ್ಮೂರಲ್ಲಿ ಅವನಿಗೆ ಯಾರು ಕೈ ಮುಗಿದಿದ್ದರು?

ಕಳೆದ ವರ್ಷ ಅಪ್ಪ ಸತ್ತ. ಸುದ್ದಿ ತಿಳಿಸಿದವಳು ನಾನೇ. ಅಣ್ಣನಿಗೆ ಮಣ್ಣಿಗೆ ಬರಲಾಗಲಿಲ್ಲ, ಹನ್ನೊಂದನೆಯ ದಿನ ತಿಥಿಗೆ ಬಂದ. ಪ್ಯಾಂಟು ಶರ್ಟು ಹಾಕಿ, ಕೂದಲನ್ನು ಗಂಟು ಕಟ್ಟಿ ಟವಲಿನೊಳಗೆ ಅಡಗಿಸಿದ್ದ. ಅವ್ವ ಅವನ ಮುಖ ಸವರಿ, “ನಿಮ್ಮಪ್ಪನ್ ಕಾರ್ಯ ನೀನೇ ಮಾಡು ಮಗ. ಇರೋನು ನೀನೊಬ್ನೇ” ಎಂದಳು. ಅಪ್ಪನಿಂದ ಹೊಡೆತ ಬಿಟ್ಟು ಬೇರೇನೂ ಪಡೆಯದ ಅಣ್ಣನಿಗೂ ಅದೇ ಆಸೆಯಿತ್ತು. ಆ ಮನೆಯ ಮಗನ ಜಾಗದಲ್ಲಿ ಒಂದು ಗಳಿಗೆ ಕೂರಬೇಕು, ಅಷ್ಟೇ.

ಆದರೆ ತಿಥಿಗೆ ಕೂರುವ ಮಗ ತಲೆ ಬೋಳಿಸಬೇಕು. ನಾಲೆಯ ದಡದಲ್ಲಿ ಕ್ಷೌರದವನು ಕತ್ತಿ ಮಸೆದುಕೊಂಡು ಕಾಯುತ್ತಿದ್ದ. ಅಣ್ಣ ದೊಡ್ಡಪ್ಪನ ಮುಂದೆ ನಿಂತು ಮೆಲ್ಲಗೆ ಕೇಳಿದ: “ದೊಡ್ಡಪ್ಪ, ಮಾದಪ್ಪನ ಬೆಟ್ದಲ್ಲಿ ಎಂಗಸ್ರು ಊಮುಡಿ ಕೊಡ್ತಾರಲ್ಲ, ನಾಕು ಎಳೆ ಕತ್ತರಿಸ್ಕಂಡು. ಅಂಗೆ ಕೊಟ್ರೆ ಆಗಲ್ವಾ? ಈ ಕೂದ್ಲೇ ನನ್ ಅನ್ನ.”

ದೊಡ್ಡಪ್ಪ ಬೀಡಿ ಎಸೆದ. “ಊಮುಡಿ ಎಂಗಸ್ರಿಗೆ ಕಣ್ಲಾ. ನೀನು ಎಂಗ್ಸಾದ್ರೆ ಓಗಿ ಎಂಗಸ್ರ ಜೊತೆ ಕೂತ್ಕೊ, ಎಂಗ್ಸು ತಿಥಿಗೆ ಕೂರಂಗಿಲ್ಲ. ಗಂಡ್ಸಾದ್ರೆ ತಲೆ ಕೊಡು. ಎರಡೂ ಆಗಲ್ಲ ಅಂದ್ರೆ ನನ್ ಮಗ ಅವ್ನೆ, ಕೂರ್ತಾನೆ.”

ಅತ್ತ ದರಿ, ಇತ್ತ ಪುಲಿ. ಅಣ್ಣ ನನ್ನ ಕಡೆ ನೋಡಿದ. ಆ ಕೂದಲಿನ ಬೆಲೆ ಅಲ್ಲಿ ಸೇರಿದ್ದ ಅಷ್ಟು ಜನರಲ್ಲಿ ಗೊತ್ತಿದ್ದುದು ನನಗೊಬ್ಬಳಿಗೆ. ಒಂದು ಮಾತು ಆಡಿದ್ದರೆ ಸಾಕಿತ್ತು. ದೊಡ್ಡಪ್ಪನ ಮಗ ಕೂರಲಿ ಬಿಡಿ ಎಂದಿದ್ದರೆ ಅಣ್ಣ ಅತ್ತುಕೊಂಡಾದರೂ ಎದ್ದು ಹೋಗುತ್ತಿದ್ದ. ಆದರೆ ನನ್ನ ಅತ್ತೆ, ಮಾವ, ಭಾವಂದಿರು ಹಲಗೂರಿನಿಂದ ಬಂದು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಟವಲಿನಿಂದ ಜಾರಿದ್ದ ಜಡೆಯನ್ನು ನೋಡಿ ನನ್ನ ಓರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನನಗೆ ಮೈಯೆಲ್ಲ ಉರಿಯಿತು. ಉರಿ ಅವಳ ಮೇಲೆ, ತೀರಿಸಿಕೊಂಡಿದ್ದು ಅಣ್ಣನ ಮೇಲೆ.

“ಕೂದ್ಲು ತಾನೆ ಅಣ್ಣ, ಬೆಳೀತದೆ. ಮಾನ ಓದ್ರೆ ಬೆಳೀತದಾ?” ಎಂದೆ, ಎಲ್ಲರಿಗೂ ಕೇಳುವಂತೆ.

ಮಾತು ಆಡಿದರೆ ಹೋಯಿತು. ಅಣ್ಣ ಹೋಗಿ ಕಲ್ಲಿನ ಮೇಲೆ ಕೂತ. ಕ್ಷೌರದವನಿಗೂ ಅಷ್ಟು ಕೂದಲು ಬೋಳಿಸಿ ಅಭ್ಯಾಸವಿರಲಿಲ್ಲ, ನಡುನಡುವೆ ಕತ್ತಿ ನಿಲ್ಲಿಸುತ್ತಿದ್ದ. ಅಣ್ಣ ಮಂಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಕೂದಲು ನಾಲೆಯಲ್ಲಿ ತೇಲಿ ಹೋಯಿತು. ಎಡೆ ಇಟ್ಟಿದ್ದಾಯಿತು, ಊಟವಾಯಿತು. “ಈಗ್ ನೋಡು, ಗಂಡ್ಮಗ!” ಎಂದು ನೆಂಟರು ಅವನ ಬೋಳು ತಲೆ ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ಮನೆ ಒಂದಾಯಿತೆಂದು ನಾನೂ ಹೋಳಿಗೆ ಬಡಿಸಿಕೊಂಡು ತಿಂದೆ. ಅದನ್ನು ನೆನೆದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಎರಡು ವಾರದ ನಂತರ ಒಮ್ಮೆ ಫೋನಿಗೆ ಸಿಕ್ಕಿದ. ಟೆಂಟಿನ ಯಜಮಾನ ಟೋಪನ್ ಹಾಕಿಸಿ ಆಟಕ್ಕೆ ಕೂರಿಸಿದನಂತೆ. ಕೂದಲು ಎಳೆಯುವುದು ಬೇಡ ಎಂದರೂ ಮೈಕಿನವನು ನಾಲಿಗೆಯ ಅಭ್ಯಾಸಕ್ಕೆ ಎಂದಿನ ಹಾಗೇ ಕರೆದುಬಿಟ್ಟ. ಕಾಲೇಜಿನ ಹುಡುಗಿಯೊಬ್ಬಳು ಬಂದು ಎಳೆದಳು, ಟೋಪನ್ ಕೈಗೆ ಬಂತು. ಮೇಜಿನ ಮೇಲೆ ಬೋಳು ತಲೆ, ಕತ್ತಿನ ಸುತ್ತ ತೂತು. “ಎಲ್ರೂ ಮೊಬೈಲ್ ಇಡ್ದವ್ರೆ. ತಲೆ ಒಳಿಕ್ ಎಳ್ಕಳನಾ ಅಂದ್ರೆ ಕಿವಿ ಸಿಕ್ಕಾಕ್ಕಂತು ಕಣೆ” ಎಂದ. ನಗುತ್ತಾನೇನೋ ಎಂದು ಕಾದೆ. ನಗಲಿಲ್ಲ. “ಕ್ಷಮ್ಸಣ್ಣ” ಎಂದೆ. “ಬೆಳೀತದೆ ಬುಡು” ಎಂದು ಫೋನಿಟ್ಟ. ಅಲ್ಲಿಂದಾಚೆಗೆ ನನ್ನ ಫೋನು ಎತ್ತಲಿಲ್ಲ.

ಮೂರು ತಿಂಗಳ ಮೇಲೆ ಎಗ್ಸಿಬಿಷನ್ನು ಮಂಡ್ಯಕ್ಕೆ ಬಂತು. ಅವ್ವ ಹಟ ಹಿಡಿದಳು. ಮಗ ಏನು ಕೆಲಸ ಮಾಡುತ್ತಾನೆಂದು ತಿಥಿಯ ನಂತರ ನಾನೇ ಅವಳಿಗೆ ಹೇಳಿದ್ದೆ. “ಆವಾದ್ರೂ ಆಗ್ಲಿ, ಮೊಖ ನೋಡ್ಬೇಕು” ಎಂದಳು. ಮಳವಳ್ಳಿಯಿಂದ ಮಧ್ಯಾಹ್ನದ ಬಸ್ಸು ಹಿಡಿದೆವು. ನಾಗಕನ್ಯೆಯ ಟೆಂಟಿನಲ್ಲಿ ಬೇರೆ ಯಾರೋ ಇದ್ದರು. ಎಳೆಯ ಮುಖ, ಉದ್ದ ಕೂದಲು. ಟಿಕೆಟ್ ಹರಿಯುವ ಹೆಂಗಸನ್ನು ಕೇಳಿದೆ. “ಮೊದ್ಲು ಇದ್ದಿದ್ದಾ? ಅದು ಪಕ್ಕದ ಟೆಂಟಲ್ಲೈತೆ” ಎಂದಳು. ಅದು ಎಂದಳು.

ಪಕ್ಕದ ಟೆಂಟಿನ ಬೋರ್ಡಿನಲ್ಲಿ ‘ತಲೆ ಇಲ್ಲದ ಹೆಂಗಸು’ ಎಂದಿತ್ತು.

ಕುರ್ಚಿಯ ಮೇಲೆ ಕೆಂಪು ಸೀರೆ ಉಟ್ಟ ಒಂದು ಮೈ ಕೂತಿತ್ತು. ಕತ್ತಿನ ಮೇಲೆ ಏನೂ ಇರಲಿಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿ, ಓರೆಯಾಗಿ ನಿಲ್ಲಿಸಿದ ಕನ್ನಡಿಯ ಹಿಂದೆ ತಲೆ ಇಟ್ಟುಕೊಂಡು ಆಟ ಮುಗಿಯುವವರೆಗೂ ಹಾಗೇ ಕೂರಬೇಕು ಎಂದು ಅಣ್ಣ ಹಿಂದೆಂದೋ ಹೇಳಿದ್ದ. ಮಾತಿಲ್ಲದ ಕೆಲಸ, ಮುಖವಿಲ್ಲದ ಕೆಲಸ, ಕೂದಲಿನ ಹಂಗಿಲ್ಲ. ಮೈಕಿನವನು, “ರೈಲಿಗೆ ತಲೆ ಕೊಟ್ಟ ನತದೃಷ್ಟೆ! ಕಣ್ಣಿಲ್ಲ, ಬಾಯಿಲ್ಲ, ಆದ್ರೂ ಉಸಿರಾಡ್ತಾಳೆ. ಬನ್ನಿ, ಕೈ ಹಿಡ್ದು ನೋಡಿ!” ಎನ್ನುತ್ತಿದ್ದ.

ಯಾರೂ ದಬ್ಬುವ ಮೊದಲೇ ಅವ್ವ ಹೋದಳು. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲು ಬಿದ್ದು ಅಣ್ಣನಿಗೆ ಸುಟ್ಟ ಗುರುತು ಆ ಎಡಗೈ ಮೇಲಿತ್ತು. ಅವ್ವ ಅದನ್ನು ಹೆಬ್ಬೆರಳಿನಿಂದ ಸವರಿದಳು. ಕುರ್ಚಿಯ ಮೇಲಿದ್ದ ಕೈ ಗಪ್ಪನೆ ಅವಳ ಕೈ ಹಿಡಿದುಕೊಂಡಿತು.

“ಮೊಖ ಎಲ್ಲಪ್ಪ ಇದ್ಕೆ?” ಎಂದಳು ಅವ್ವ, ಮೈಕಿನವನಿಗೆ.

“ಮುಖ ಇದ್ದಿದ್ರೆ ಟಿಕೆಟ್ ಯಾಕಜ್ಜಿ?” ಎಂದ ಅವನು. ಜನ ಬಿದ್ದು ಬಿದ್ದು ನಕ್ಕರು.

ಹೊರಗೆ ಬಂದ ಅವ್ವ ಅಳಲಿಲ್ಲ. ಆಟವೆಲ್ಲ ಮುಗಿಯುವವರೆಗೆ ಆಟದವರನ್ನು ಹೊರಗೆ ಬಿಡುವುದಿಲ್ಲ ಎಂದು ಗೇಟಿನವನು ಹೇಳಿದಾಗ, ಸೀದಾ ಹೋಗಿ ಮತ್ತೆ ಸಾಲಿನಲ್ಲಿ ನಿಂತಳು. “ಕೈಯಾದ್ರೂ ಇಡ್ಕಬತ್ತೀನಿ ಕಣಮ್ಮ” ಎಂದಳು. ಹೀಗೆ ಮೂರು ಸಲ ಒಳಗೆ ಹೋದಳು. ಮೂರನೆಯ ಸಲ ಬಂದವಳು ನನ್ನ ಬೆನ್ನ ಮೇಲೆ ಕೈಯಿಟ್ಟು, “ನೀನೂ ಓಗವ್ವ. ಕೈ ಬುಡಕ್ಕೇ ಮನ್ಸಿಲ್ಲ ಅವುನ್ಗೆ” ಎಂದಳು.

ಹೋದೆ. ಮೈಕಿನವನು ಕರೆದಾಗ ಮುಂದೆ ನಡೆದು ಆ ಕೈ ಹಿಡಿದೆ. ಬೆಚ್ಚಗಿತ್ತು, ಬೆವರಿತ್ತು. ಅವ್ವ ಮತ್ತೆ ಬಂದಳೆಂದುಕೊಂಡಿರಬೇಕು, ಬೆರಳುಗಳು ನನ್ನ ಬೆರಳುಗಳ ಸುತ್ತ ಬಿಗಿಯಾದವು. ಸುಮ್ಮನಿದ್ದರೆ ಹಾಗೇ ಹಿಡಿದುಕೊಂಡಿರುತ್ತಿದ್ದ. ಆದರೆ ಅವ್ವನ ಪಾಲಿನದನ್ನು ಕದ್ದು ತಿಂದಂತೆ ಅನ್ನಿಸಿತು ನನಗೆ. ಬಗ್ಗಿ, “ಅಣ್ಣ, ನಾನು ಕಣಣ್ಣ” ಎಂದೆ.

ಬೆರಳುಗಳು ಸಡಿಲವಾದವು. ಕೈ ನನ್ನ ಕೈಯಿಂದ ಜಾರಿ, ನಿಧಾನವಾಗಿ ಹಿಂದೆ ಹೋಗಿ, ಸೀರೆಯ ಮಡಿಲಲ್ಲಿ ಮುಷ್ಟಿ ಕಟ್ಟಿ ಕೂತಿತು.

“ನೋಡಿದ್ರಾ, ನೋಡಿದ್ರಾ!” ಎಂದು ಮೈಕಿನವನು ಕೂಗಿದ. “ಜೀವ ಐತೆ!”

ಜನ ಚಪ್ಪಾಳೆ ತಟ್ಟಿದರು.