ಬಾಯಿ ಮೇಲಿನ ಬೆರಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಬಾಲವಾಡಿ ಟೀಚರಾಗಿದ್ದೆ. ಮಕ್ಕಳನ್ನು ಗಮನಿಸಿ ದಿನಾ ಡೈರಿ ಬರೆಯಿರಿ ಎಂದು ಕಡೂರಿನ ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಬರೆಯದೇ ಇರುತ್ತೇನೆಯೇ? ತರೀಕೆರೆಯಿಂದ ಸೂಪರ್‌ವೈಸರ್ ಬರುವ ಹಿಂದಿನ ದಿನ ಕೂತು, ತಿಂಗಳಿನದ್ದನ್ನೆಲ್ಲ ಒಟ್ಟಿಗೇ ಬರೆಯುತ್ತಿದ್ದೆ. ‘ಮಕ್ಕಳು ಸಂತೋಷದಿಂದ ಹಾಡಿದರು.’ ನಡುನಡುವೆ ಪೆನ್ನು ಬದಲಿಸುವಷ್ಟು ಬುದ್ಧಿ ನನಗಿತ್ತು.

ಒಂದು ಹುಡುಗಿ ಮಾತ್ರ ಹಾಡಿರಲಿಲ್ಲ. ನಾಲ್ಕು ವರ್ಷದವಳು, ಸೇರಿ ಮೂರು ತಿಂಗಳಾದರೂ ತುಟಿ ಪಿಟಕ್ಕೆನ್ನಲಿಲ್ಲ. ಮೂಗಿ ಇರಬೇಕು, ಪಾಪ ಎಂದುಕೊಂಡಿದ್ದೆ. ಒಂದು ಬುಧವಾರ ಅವಳ ಅಜ್ಜಿ ಬಂದು ಜಾಡಿಸಿದಳು.

“ಮನೇಲಿ ರೇಡಿಯೋ ಇದ್ದಂಗೆ ಮಾತಾಡ್ತಾಳೆ ಕಣವ್ವ. ಇಲ್ಲಿಗ್ ಬಂದು ಮಗೀಗೆ ಮಂಕು ಹಿಡ್ದೈತೆ. ಸೋಮವಾರದಿಂದ ಕಳ್ಸಲ್ಲ, ಹೊಲಕ್ಕೆ ಕರ್ಕೊಂಡೋಯ್ತೀನಿ.”

ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಹೊಲಕ್ಕೆ ಹೋದ ಮಗು ಮತ್ತೆ ಬರುವುದಿಲ್ಲ. ಅವತ್ತಿನಿಂದ ಡೈರಿಯ ಹಿಂಬದಿಯಲ್ಲಿ ನಿಜ ಬರೆಯತೊಡಗಿದೆ. ‘ಹಾಡುವಾಗ ಮೌನ. ಉಪ್ಪಿಟ್ಟು ಬಡಿಸಿದಾಗ ಮೌನ. ಬಾಯಿ ತೆರೆಯುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮುಚ್ಚುತ್ತಾಳೆ.’ ಗುರುವಾರ, ಶುಕ್ರವಾರ ಎರಡೂ ದಿನ ಹಾಗೇ. ಹಾಗಾದರೆ ತೊಂದರೆ ನಾನೇ ಇರಬೇಕಲ್ಲ?

ಶನಿವಾರ “ನೀರು ತರ್ತೀನಿ” ಎಂದು ಕೊಡ ಹಿಡಿದು ಹೊರಗೆ ಬಂದು, ಕಿಟಕಿ ಕೆಳಗೆ ಕುಕ್ಕರುಗಾಲಲ್ಲಿ ಕೂತೆ. ದಾರಿಯಲ್ಲಿ ಹೋಗುವವರು ನಕ್ಕರು, ನಗಲಿ. ಒಳಗೆ ಅವಳು ಎದ್ದು ನನ್ನ ಕೋಲು ಹಿಡಿದಳು. ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಏಯ್! ಕೈ ಕಟ್ಟು! ಬಾಯ್ ಮೇಲೆ ಬೆರಳು! ನಾನ್ ಹೇಳೋಗಂಟ ಯಾರೂ ತೆಗೀಬಾರ್ದು! ಅಯ್ಯೋ ಶಿವನೇ, ನನ್ ಕರ್ಮ!”

ಥೇಟ್ ನಾನೇ. ನಗು ತಡೆಯಲಾರದೆ ಕೊಡ ಉರುಳಿಸಿದೆ. ಆಮೇಲೆ ನೆನಪಾಯಿತು. ಅವಳು ಸೇರಿದ ದಿನ ಹೀಗೇ ಹೇಳಿ, ತಳ ಹಿಡಿಯುತ್ತಿದ್ದ ಉಪ್ಪಿಟ್ಟಿನ ಕಡೆ ಓಡಿದ್ದೆ. ತೆಗೆಯಿರಿ ಎಂದು ಹೇಳಿರಲೇ ಇಲ್ಲ. ಉಳಿದವರು ತಾವೇ ತೆಗೆದಿದ್ದರು. ಇವಳೊಬ್ಬಳು ಬೆರಳು ಇಳಿಸಿದರೂ ಮೂರು ತಿಂಗಳು ನನ್ನೆದುರು ಬಾಯಿ ಬಿಡದೆ ನನ್ನ ಮಾತು ಪಾಲಿಸಿದ್ದಳು. ನಾಚಿಕೆಯಿಂದ ಕುಗ್ಗಿಹೋದೆ.

ಒಳಗೆ ಹೋಗಿ ಅವಳ ಮುಂದೆ ಕೂತೆ. “ಮಾತಾಡವ್ವ. ಹೇಳೋದು ಮರ್ತಿದ್ದು ನಾನೇ, ತಪ್ಪು ನಂದು.”

ಅವಳು ನನ್ನನ್ನೇ ನೋಡಿದಳು. “ಟೀಚರ್, ಉಪ್ಪಿಟ್ಟಿಗೆ ದಿನಾ ಉಪ್ಪು ಕಮ್ಮಿ.”

ಸೋಮವಾರ ಅಜ್ಜಿಯೇ ಕೈಹಿಡಿದು ಕರೆತಂದಳು. ಮೂರು ತಿಂಗಳ ಮಾತೆಲ್ಲ ಒಂದೇ ದಿನ ಹೊರಬಂತು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು. ಅಭ್ಯಾಸಬಲದಿಂದ ಬೆರಳು ಮೇಲೆದ್ದಿತು. ಅದನ್ನು ನನ್ನ ಬಾಯಿ ಮೇಲೇ ಇಟ್ಟುಕೊಂಡೆ.