ಪಡುಗೋಡೆ ಒಡೆದ ಹೋಟೆಲು

ನಮ್ಮ ಸ್ಟೇಷನ್ನಿನ ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಇವತ್ತು ಅಲ್ಲಿ ಇಳಿಯುವವರಿಗೆ ನಾನು ಹೇಳುವ ಸ್ಟೇಷನ್ ಕಾಣಿಸುವುದಿಲ್ಲ. ಮುಂಬಯಿಯಲ್ಲಿ ಘಾಟ್ಕೋಪರ್ ಕಡೆಗೆ ಹೋಗುವ ಲೈನಿನಲ್ಲಿ ಹೆಂಚು ಹೊದೆಸಿದ ಒಂದು ಸಣ್ಣ ಕಟ್ಟಡ, ಟಿಕೇಟಿಗೆ ಒಂದೇ ಕಿಟಕಿ, ಪಕ್ಕದಲ್ಲಿ ಹಳಿ ದಾಟಲಿಕ್ಕೆ ಫಾಟಕ್. ಫಾಟಕ್ ಮುಚ್ಚಿತೆಂದರೆ ಎತ್ತಿನಗಾಡಿ, ಸೈಕಲ್ಲು, ಆಫೀಸಿಗೆ ಓಡುವವರು ಎಲ್ಲ ಒಟ್ಟಿಗೆ ನಿಂತು ರೈಲ್ವೆಯವರಿಗೆ ಬೈಯುತ್ತಿದ್ದರು. ನಾವು ಮಾತ್ರ ಬೈಯುತ್ತಿರಲಿಲ್ಲ. ಫಾಟಕ್ ಮುಚ್ಚಿದಷ್ಟು ಹೊತ್ತೂ ನಮ್ಮ ಹೋಟೆಲಿನಲ್ಲಿ ಕಾಫಿ ಖರ್ಚಾಗುತ್ತಿತ್ತು.

ಇದು ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಉಡುಪಿ ಕಡೆಯಿಂದ ಬಂದವಳು. ಗಂಡನ ಹೋಟೆಲು ಸ್ಟೇಷನ್ನಿನ ಮಗ್ಗುಲಿನ ಅಂಗಡಿಸಾಲಿನಲ್ಲಿತ್ತು, ನಮ್ಮ ವಾಸ ಅದರ ಮೇಲಿನ ಕೋಣೆಯಲ್ಲಿ. ಹೋಟೆಲಿನ ಮುಂದೆ, ಮೂಡುಬದಿಗೆ, ರಸ್ತೆ. ಬೆನ್ನಿಗೆ, ಪಡುಬದಿಗೆ, ರೈಲಿನ ಹಳಿ. ಸ್ಟೇಷನ್ನಿಗೆ ಹೋಗುವವರು ಯಾರೇ ಇರಲಿ, ಆ ರಸ್ತೆ ಹಿಡಿದು ನಮ್ಮ ಬಾಗಿಲ ಮುಂದೆ ಹಾದೇ ಹೋಗಬೇಕು. ಬಾಗಿಲು ಮೂಡು ದಿಕ್ಕಿಗಿರುವುದರಿಂದಲೇ ಲಕ್ಷ್ಮಿ ಒಳಗೆ ಬರುತ್ತಾಳೆ ಎಂದು ನನ್ನ ಗಂಡ ಗಟ್ಟಿಯಾಗಿ ನಂಬಿದ್ದರು. ಲಕ್ಷ್ಮಿ ಬರುವುದು ಟಿಕೇಟಿನ ಕಿಟಕಿಯ ದೆಸೆಯಿಂದ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ.

ಹಿಂದುಗಡೆಯ ಕೋಣೆ ಅಡುಗೆಮನೆ. ಅದು ಮಾವನ ರಾಜ್ಯ. ಮಾವ ಅಂದರೆ ನನ್ನ ಗಂಡನ ಸೋದರಮಾವ. ತಾಯಿ ತಂದೆ ಇಲ್ಲದ ಅಳಿಯನನ್ನು ಸಾಕಿ, ಮುಂಬಯಿಗೆ ಕರೆತಂದು, ಹೋಟೆಲು ಹಾಕಿಸಿ, ಅವನನ್ನು ದುಡ್ಡಿನ ಗಲ್ಲೆಯಲ್ಲಿ ಕೂರಿಸಿ ತಾನು ಒಲೆಯ ಮುಂದೆ ನಿಂತವರು. ಬೆಳಿಗ್ಗೆ ಮಿಂದು ಮಡಿ ಉಟ್ಟು ಒಳಗೆ ಹೊಕ್ಕರೆಂದರೆ ಮುಗಿಯಿತು, ಬೇರೆಯವರ ಕಾಲು ಆ ಹೊಸ್ತಿಲು ದಾಟುವಂತಿರಲಿಲ್ಲ. ಬಡಿಸುವ ಮಾಣಿಗಳು ಹೊರಗೆ ನಿಂತು ತಟ್ಟೆ ಚಾಚಬೇಕು. ನಾನು ಮೀಯದೆ ಇಣುಕಿದರೂ ಹುಬ್ಬು ಗಂಟಿಕ್ಕುತ್ತಿದ್ದರು. ಈ ಕಟ್ಟುಕಟ್ಟಳೆ ನೋಡಿ ನನಗೆ ಎಷ್ಟೋ ಸಲ ಮೈ ಉರಿದದ್ದುಂಟು. ಆದರೆ ಅವರ ಸಾಂಬಾರು ಬಾಯಿಗೆ ಬಿದ್ದ ಮೇಲೆ ಬಾಯಿ ತೆರೆದು ದೂರಲಿಕ್ಕೆ ಆಗುತ್ತಿರಲಿಲ್ಲ.

ಸುದ್ದಿ ತಂದವರು ಧಾರವಾಡ ಕಡೆಯ ಒಬ್ಬರು. ರೈಲ್ವೆಯ ನಕ್ಷೆ ಬರೆಯುವ ಆಫೀಸಿನಲ್ಲಿ ಅವರ ಕೆಲಸ, ಹತ್ತಿರದ ಚಾಳಿನಲ್ಲಿ ವಾಸ, ದಿನಾ ಬೆಳಿಗ್ಗೆ ತಿಂಡಿ ನಮ್ಮಲ್ಲಿ. ಲೋಕಲಿನ ಬಾಗಿಲಲ್ಲಿ ಜನ ಜೋತಾಡುವುದು ಆಗಲೇ ಸುರುವಾಗಿತ್ತು; ಇದ್ದ ಹಳಿ ಸಾಲದು, ಇನ್ನೂ ಹಾಕುತ್ತಾರೆ, ಹಳೆ ಸ್ಟೇಷನ್ ಕೆಡವುತ್ತಾರೆ, ಫಾಟಕ್ ಇದ್ದಲ್ಲಿ ಗೋಡೆ ಏಳುತ್ತದೆ, ಜನ ದಾಟಲಿಕ್ಕೆ ಬ್ರಿಜ್ಜು ಬರುತ್ತದೆ ಎಂದರು. ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳು ಅದ್ದಿ ಗೆರೆ ಎಳೆದು ತೋರಿಸಿದರು.

"ನೋಡ್ರಿ, ಬ್ರಿಜ್ಜಿನ ಮೆಟ್ಟಲಾ ನಿಮ್ಮ ಅಡಗಿಮನಿ ಹಿಂದ ಇಳೀತಾವ. ಇನ್ನ ಮ್ಯಾಲೆ ಮಂದಿ ಎಲ್ಲಾ ಹಿಂದಿನಿಂದನ ಅಡ್ಡಾಡ್ತಾರ. ಈ ರಸ್ತೇದಾಗ ನಾಯಿನೂ ಹಾಯಂಗಿಲ್ಲ. ಈಗಿಂದನ ಹಿಂದಿನ ಗ್ವಾಡಿಗೆ ಒಂದು ಬಾಗಲಾ ತಗಸ್ರಿ."

ನನ್ನ ಗಂಡ ನಕ್ಕುಬಿಟ್ಟರು. ಹಸಿವಿಗೆ ದಿಕ್ಕುಂಟಾ, ನಮ್ಮ ಕಾಫಿ ಕುಡಿದವರು ಸುತ್ತು ಹಾಕಿಯಾದರೂ ಬರುತ್ತಾರೆ ಎಂದರು. ಅಷ್ಟಕ್ಕೆ ಸುಮ್ಮನಾಗಿದ್ದರೆ ಬೇರೆ ಮಾತು. ಸ್ಟೇಷನ್ ನಮಗೆ ಬೆನ್ನು ಹಾಕುವುದಾದರೆ ನಮ್ಮ ಮುಖ ಇನ್ನೂ ಚೆಂದವಾಗಬೇಕು ಎಂದು ಅವರ ತಲೆಗೆ ಹೊಕ್ಕಿತು. ಊರಿನಿಂದ ಬಂದಿದ್ದ ಜೋಯಿಸರೊಬ್ಬರು ಅದಕ್ಕೆ ತಾಳ ಹಾಕಿದರು. ಮೂಡುಬಾಗಿಲನ್ನು ಅಗಲ ಮಾಡಿಸಿದ್ದಾಯಿತು, ಅದಕ್ಕೆ ಚೌಕಟ್ಟಾಗಿ ಕೆತ್ತನೆಯ ದಾರಂದ ಕೂರಿಸಿದ್ದಾಯಿತು, ಹೊಸ ಮೇಜು, ಎದುರುಗೋಡೆಗೆ ಆಳೆತ್ತರದ ಕನ್ನಡಿ. ಕೈಯಲ್ಲಿದ್ದದ್ದೆಲ್ಲ ಅದಕ್ಕೇ ಹೋಯಿತು. ಬೇರೆ ಯಾವ ವ್ಯಾಪಾರಿಯಾದರೂ ಜನ ಎಲ್ಲಿಂದ ಬರುತ್ತಾರೆಂದು ನೋಡುತ್ತಾನೆ. ನಮ್ಮವರು ಸೂರ್ಯ ಎಲ್ಲಿಂದ ಬರುತ್ತಾನೆಂದು ನೋಡಿದರು.

ಹಳೆ ಸ್ಟೇಷನ್ನಿನ ಮಾಡು ಇಳಿಸುವ ದಿನ ನಾನು ಮೇಲಿನ ಕಿಟಕಿಯಲ್ಲಿ ನಿಂತು ನೋಡಿದೆ. ಕೆಲಸದವರು ಸಾಲಾಗಿ ನಿಂತು ಒಂದೊಂದೇ ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮಂಗಳೂರು ಹೆಂಚು. ಈ ದೊಡ್ಡ ಊರಿನಲ್ಲಿ ನನಗಿಂತ ಮೊದಲು ಬಂದು ನೆಲೆನಿಂತ ನಮ್ಮ ಕಡೆಯವರು ಎಂದು ಆ ಹೆಂಚುಗಳ ಮೇಲೆ ನನಗೊಂದು ಅಭಿಮಾನವಿತ್ತು. ಸಂಜೆಯೊಳಗೆ ಮಾಡಿನ ಮರದ ಪಕ್ಕಾಸು ಮಾತ್ರ ಉಳಿದಿದ್ದವು. ಕಿಟಕಿ ಮುಚ್ಚಿದೆ.

ಬ್ರಿಜ್ಜಿನ ಮೇಲೆ ಜನ ಓಡಾಡಲು ಸುರುವಾದ ಮೇಲೆ ಧಾರವಾಡದವರ ಮಾತು ಅಕ್ಷರಶಃ ನಿಜವಾಯಿತು. ಫಾಟಕ್ ಹೋಯಿತು, ಅಲ್ಲಿ ಗೋಡೆ ಬಂತು, ನಮ್ಮ ರಸ್ತೆ ಆ ಗೋಡೆಗೆ ತಲೆ ಕೊಟ್ಟು ಸತ್ತಿತು. ಪಕ್ಕದ ಬೀಡಾ ಅಂಗಡಿ, ಕ್ಷೌರದಂಗಡಿ ಒಂದೊಂದಾಗಿ ಬಾಗಿಲು ಹಾಕಿದವು. ಸುತ್ತು ಹಾಕಿಯಾದರೂ ಬರುತ್ತಾರೆ ಎಂದು ಗಂಡ ನಂಬಿದ್ದ ಗಿರಾಕಿಗಳಲ್ಲಿ ಧಾರವಾಡದವರೊಬ್ಬರು ಮಾತ್ರ ಬರುತ್ತಿದ್ದರು. ಉಳಿದವರನ್ನು ದೂರಿ ಏನು ಬಂತು, ಲೋಕಲು ಹಿಡಿಯುವವನಿಗೆ ನಮ್ಮ ಕೆತ್ತನೆ ದಾರಂದ ನೋಡಲಿಕ್ಕೆ ಪುರುಸೊತ್ತೆಲ್ಲಿ? ಮಾಣಿಗಳು ಒಬ್ಬೊಬ್ಬರೇ ವಡಾಲ, ಅಂಧೇರಿ ಕಡೆಯ ಹೋಟೆಲುಗಳಿಗೆ ಹೋದರು. ನನ್ನ ಗಂಡ ಗಲ್ಲೆಯಲ್ಲಿ ಕೂತು ಎದುರಿನ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವರು ಹೋಟೆಲು ಮುಚ್ಚಿ ಊರಿಗೆ ಹೋಗುವ ಮಾತೆತ್ತಿದರು. ಊರಲ್ಲಿ ಏನುಂಟು? ಗದ್ದೆಯಿಲ್ಲ, ಮನೆಯಿಲ್ಲ, ಯಾರದೋ ಮನೆಯ ಮದುವೆ ಮುಂಜಿಗೆ ಅಡುಗೆ ಮಾಡಿಕೊಂಡು, ಯಾರದೋ ಜಗುಲಿಯಲ್ಲಿ ಮಲಗಬೇಕು. ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ. ಪಟ್ಟಣದಲ್ಲೇ ಕೆಟ್ಟವರು ಎಲ್ಲಿಗೆ ಸೇರಬೇಕು ಎಂದು ಕೇಳಿದೆ.

ನಾನು ಎದ್ದು ಮಿಂದು ಅಡುಗೆಮನೆಗೆ ಹೋಗಿ ಹಿಂದಿನ ಗೋಡೆಗೆ ಕಿವಿಯಿಟ್ಟು ನಿಂತೆ. ಆಚೆಯಿಂದ ಒಂದೇ ಸಮನೆ ಕಾಲಿನ ಸದ್ದು. ಬೂಟು, ಚಪ್ಪಲಿ, ಬರಿಗಾಲು. ಬ್ರಿಜ್ಜಿನಿಂದ ಇಳಿದು ಗೋಡೆಯ ಮಗ್ಗುಲಲ್ಲೇ ಹೋಗುತ್ತಿದ್ದರು. ಅಷ್ಟು ಜನ, ನಮ್ಮ ಇಡ್ಲಿಯಿಂದ ಒಂದು ಇಟ್ಟಿಗೆಯಷ್ಟು ದೂರ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಲಕಾಲಕ್ಕೆ ಸ್ಟೇಷನ್ನು ಕೆಡವುತ್ತಾರೆ, ಕಟ್ಟುತ್ತಾರೆ. ಮುಂಬಯಿ ಯಾರನ್ನೂ ಕೇಳಿ ತಿರುಗುವುದಿಲ್ಲ. ಅದು ತಿರುಗಿದ ಕಡೆಗೆ ನಾವೂ ತಿರುಗಬೇಕು. ಇಷ್ಟು ತಿಳಿಯಲಿಕ್ಕೆ ಜೋಯಿಸರು ಬೇಕಾ?

ಹೊರಗೆ ಬಂದು ಗಂಡನಿಗೆ ಹೇಳಿದೆ: "ಪಡುಗೋಡೆ ಒಡೆಯುವ. ಬಾಗಿಲು ಅಲ್ಲಿಂದ ಇಡುವ."

ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಪಡು ಎಂದರೆ ಸೂರ್ಯ ಮುಳುಗುವ ದಿಕ್ಕು, ಅಲ್ಲಿಗೆ ಬಾಗಿಲಿಟ್ಟ ಅಂಗಡಿ ಮುಳುಗುತ್ತದೆ ಎಂದರು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದೆ. ಆಗ ಅವರು ದನಿ ತಗ್ಗಿಸಿ ನಿಜವಾದ ಕಾರಣ ಹೇಳಿದರು. ಹಿಂದಿನಿಂದ ಬಾಗಿಲಿಟ್ಟರೆ ಗಿರಾಕಿ ಅಡುಗೆಮನೆ ಹೊಕ್ಕು ಒಲೆಯ ಪಕ್ಕದಲ್ಲಿ ಹಾದು ಮುಂದಿನ ಕೋಣೆಗೆ ಬರಬೇಕು. ಒಲೆಯನ್ನು ಮುಂದಕ್ಕೆ ಒಯ್ಯೋಣವೆಂದರೆ ನಲ್ಲಿ, ಮೋರಿ, ಹೊಗೆಗೂಡು ಎಲ್ಲ ಹಿಂದೆಯೇ ಇವೆ, ಹೊಸತು ಮಾಡಿಸಲಿಕ್ಕೆ ಕೈ ಬರಿದು. ಮಾವನ ಮಡಿಯ ಒಳಗೆ ಊರಿನವರೆಲ್ಲ ಚಪ್ಪಲಿ ಹಾಕಿಕೊಂಡು ನಡೆಯುವುದೆಂದರೆ ಮಾವನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಿದ ಹಾಗೆಯೇ. ಅನ್ನ ಹಾಕಿದವರಿಗೆ ಹೀಗೆ ಮಾಡಲಾರೆ ಎಂದು ಅವರ ಕಣ್ಣು ತುಂಬಿತು.

ಮಾವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ನಾನೇ ಹೋಗಿ, ಒಲೆಗೂ ಜನ ನಡೆಯುವ ದಾರಿಗೂ ನಡುವೆ ಒಂದು ಪರದೆ ಕಟ್ಟಿದರೆ ಆಗದಾ ಎಂದು ಕೇಳಿದೆ. ಪರದೆ ಕಟ್ಟಿ ಮಡಿ ಮಾಡಲಿಕ್ಕೆ ಇದೇನು ನಾಟಕವಾ ಎಂದು ಅಲ್ಲಿಗೇ ಮುಗಿಸಿದರು. ಒಲೆ ಒರೆಸಿ, ಬೂದಿ ತೆಗೆದು, ಕೈ ತೊಳೆದುಕೊಂಡು ಬಂದ ಮೇಲೆ ನನ್ನೊಬ್ಬಳನ್ನೇ ಕರೆದರು.

"ಒಡೆಯಿರಿ. ಆದ್ರೆ ಅದಕ್ಕಿಂತ ಮುಂಚೆ ನೀನು ಈ ಒಲೆ ಕಲಿ. ಚಪ್ಪಲಿ ಹಾಕಿದ ಕಾಲು ಒಳಗೆ ಬಂದ ದಿನ ನಾನು ಇಲ್ಲಿ ಇರುದಿಲ್ಲ."

ಹೆದರಿಸುತ್ತಾರೆ ಎಂದುಕೊಂಡೆ. ಹಳೆಯ ಮನುಷ್ಯರು, ಬಾಯಲ್ಲಿ ಹೀಗೆ ಹೇಳಿದರೂ ಅಳಿಯನನ್ನು ಬಿಟ್ಟು ಹೋಗುತ್ತಾರಾ? ನನಗೂ ಹಟ. ಕಲಿಯುತ್ತೇನೆ ಎಂದೆ.

ಕಲಿಸುವುದರಲ್ಲಿ ಅವರು ಯಮ. ಮನೆಯ ಹತ್ತು ಜನಕ್ಕೆ ಬೇಯಿಸಿದ ಕೈ ಹೋಟೆಲಿನ ಹಂಡೆಗೆ ಆಗುವುದಿಲ್ಲ. ಅಳತೆಯ ಪಾವು, ಸೇರು ಮುಟ್ಟಬಾರದು, ಹಿಡಿಯಲ್ಲೇ ಅಂದಾಜು ಬರಬೇಕು. ಹಿಟ್ಟು ಉಬ್ಬಿದ್ದು ನೋಡಿ ಹೇಳಬಾರದು, ಮೂಸಿ ಹೇಳಬೇಕು. ನಾನು ಮಾಡಿದ ಮೊದಲ ಸಾಂಬಾರನ್ನು ಹಂಡೆ ಬೋರಲು ಹಾಕಿ ಮೋರಿಗೆ ಸುರಿದರು. ಉಪ್ಪು ಹುಳಿ ಎಲ್ಲ ಸರಿ ಇದೆಯಲ್ಲ ಎಂದು ಜಗಳಕ್ಕೆ ನಿಂತೆ. ಎಲ್ಲ ಸರಿ ಉಂಟು, ಒಂದರೊಳಗೆ ಒಂದು ಸೇರಲಿಲ್ಲ, ನಿನಗೆ ತಾಳ್ಮೆ ಇಲ್ಲ ಎಂದರು. ಅಳು ಬಂತು, ಅಳಲಿಲ್ಲ. ಮತ್ತೆ ಬೇಳೆ ತೊಳೆದೆ. ಕೈತುಂಬ ಸುಟ್ಟ ಗಾಯ, ಕಣ್ಣುತುಂಬ ಹೊಗೆ. ಕಡೆಗೊಂದು ದಿನ ನನ್ನ ಸಾಂಬಾರಿನ ಹಂಡೆಯನ್ನು ಮಾವ ತಾವೇ ಎತ್ತಿ ಬಡಿಸುವ ಕಡೆಗೆ ಇಟ್ಟರು.

ಅಷ್ಟರೊಳಗೆ ಕಟ್ಟಡದ ಸೇಟನ ಹತ್ತಿರ ನಾನೇ ಹೋಗಿ ಒಪ್ಪಿಗೆ ಕೇಳಿ ಬಂದಿದ್ದೆ. ಆ ಸಾಲಿನ ಆಸೆಯನ್ನೇ ಬಿಟ್ಟಿದ್ದ ಆತ, ಏನು ಬೇಕಾದರೂ ಒಡೆದುಕೋ, ಬಾಡಿಗೆ ಬಂದರೆ ಸಾಕು ಎಂದ. ಮೇಸ್ತ್ರಿ ಬಂದ ದಿನ ಗಂಡ ಮೇಲಿನ ಕೋಣೆಯಿಂದ ಇಳಿಯಲಿಲ್ಲ. ಗೋಡೆ ಬಿದ್ದಾಗ ಬೆಳಕು ಒಮ್ಮೆಲೇ ಒಲೆಯ ಮೇಲೆ ಬಂತು. ವರ್ಷಗಟ್ಟಲೆಯ ಹೊಗೆಯಲ್ಲಿ ಉಳಿದ ಗೋಡೆಗಳು ಎಷ್ಟು ಕಪ್ಪಾಗಿವೆ ಎಂದು ಆಗಲೇ ನಮಗೆ ಗೊತ್ತಾದದ್ದು. ಧೂಳೆಲ್ಲ ಇಳಿದ ಮೇಲೆ ನಾನೂ ಮಾವನೂ ಸೇರಿ ತೊಳೆದೆವು. ಕೂತು ತಿನ್ನಲು ಪುರುಸೊತ್ತಿಲ್ಲದವರಿಗೆ ನಿಂತಲ್ಲೇ ಕಾಫಿ ಕೊಡಲಿಕ್ಕೆ ಹೊಸ ಬಾಗಿಲಿನ ಅರ್ಧಕ್ಕೆ ಒಂದು ಹಲಗೆ ಅಡ್ಡ ಇಡಿಸಿದೆ, ಉಳಿದರ್ಧ ಒಳಗೆ ಬರುವವರಿಗೆ. ಮಾಣಿಗಳಿರಲಿಲ್ಲವಾದ್ದರಿಂದ ಹಲಗೆಯ ಹಿಂದೆ ನಾನೇ ನಿಲ್ಲುವುದೆಂದಾಯಿತು. ಹೋಟೆಲಿನಲ್ಲಿ ಹೆಂಗಸು ನಿಂತು ಕಾಫಿ ಕೊಡುವುದೆಂದರೆ ಆಗ ನಮ್ಮ ಜನರಲ್ಲಿ ಮೂಗು ಮುರಿಯುವ ಸಂಗತಿ. ಮುರಿಯಲಿ, ಅವರ ಮೂಗು.

ಬಾಗಿಲು ತೆರೆಯುವ ಬೆಳಿಗ್ಗೆ ಮಾವ ಎಂದಿನಂತೆ ಮಿಂದು ಒಲೆ ಹೊತ್ತಿಸಿದರು. ಇಡ್ಲಿ ಇಟ್ಟರು, ಡಿಕಾಕ್ಷನ್ ಇಳಿಸಿದರು. ಹೋಗುವುದಿಲ್ಲ, ಉಳಿಯುತ್ತಾರೆ ಎಂದು ನನ್ನ ಎದೆ ಹಗುರಾಯಿತು. ಮೊದಲು ಬಂದವರು ಧಾರವಾಡದವರೇ. ಪಾಪ, ಅವರು ಹೊಸ್ತಿಲಲ್ಲಿ ಬೂಟು ಬಿಚ್ಚಲು ಬಗ್ಗಿದರು; ಹಿಂದಿನಿಂದ ಬಂದ ನಾಲ್ಕಾರು ಜನ ಅವರನ್ನು ತಳ್ಳಿಕೊಂಡು, ಚಪ್ಪಲಿ ಬೂಟುಗಳ ಸಮೇತ, ಒಲೆಯ ಮಗ್ಗುಲಿನಿಂದ ಒಳಗೆ ನಡೆದರು. ಇಡ್ಲಿಯ ವಾಸನೆಗೆ ಬಂದವರು. ಅವರ ಹಿಂದೆ ಇನ್ನಷ್ಟು ಜನ. ಗಂಡ ಮೇಲಿನಿಂದ ಓಡಿ ಬಂದು, ಅಂಗಿಯ ತೋಳು ಮಡಚಿ ತಟ್ಟೆ ಹಿಡಿದು ಓಡಾಡತೊಡಗಿದರು. ಅವರ ಮುಖದಲ್ಲಿ ಎಷ್ಟೋ ಕಾಲದ ಮೇಲೆ ಬಣ್ಣ ಬಂದಿತ್ತು. ಆ ಬೆಳಿಗ್ಗೆಯಿಂದ ನಮ್ಮಲ್ಲಿ ಊರಿಗೆ ಹೋಗುವ ಮಾತು ಬರಲಿಲ್ಲ. ಮಕ್ಕಳನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಪಡುಬಾಗಿಲಿನಿಂದಲೇ.

ಆ ಬೆಳಿಗ್ಗೆ ನನ್ನ ಕೈ ಒಂದಿಷ್ಟು ಬಿಡುವಾದಾಗ ತಿರುಗಿ ನೋಡಿದರೆ ಒಲೆಯ ಮುಂದೆ ಮಾವ ಇರಲಿಲ್ಲ.

ಮತ್ತೆ ಅವರನ್ನು ನೋಡಿದ್ದು ಹಲಗೆಯ ಆಚೆಗೆ. ಯಾರೂ ಬಾರದ ಮೂಡುಬಾಗಿಲಿನಿಂದ ಇಳಿದು, ಸಾಲು ಸುತ್ತಿಕೊಂಡು ಬಂದು, ಜನರ ನಡುವೆ ತಮ್ಮ ಸರದಿಗೆ ನಿಂತಿದ್ದರು. ಕೈಯಲ್ಲಿ ಟ್ರಂಕು, ಹೆಗಲಲ್ಲಿ ಕೊಡೆ. ಬೋರಿಬಂದರಿಗೆ ಹೋಗಿ ದೂರದ ಗಾಡಿ ಹಿಡಿಯಲಿಕ್ಕೆ ಹೊರಟವರ ಹಾಗೆ. ಹಲಗೆಯ ಹತ್ತಿರ ಬಂದು ಒಂದು ಕಾಫಿ ಕೇಳಿದರು. ಲೋಟ ತುಂಬಿಸಿ ಹಲಗೆಯ ಮೇಲಿಟ್ಟೆ. ತುಟಿಗೆ ತಾಗಿಸದೆ ಎತ್ತಿ ಕುಡಿದು, ಲೋಟ ಕೆಳಗಿಟ್ಟರು.

"ಹೋಗಬೇಡಿ ಮಾವ," ಎಂದೆ.

"ಗೋಡೆ ಒಡೆಯದಿದ್ರೆ ಹೋಟ್ಲು ಉಳಿಯುದಿಲ್ಲ ಅಂತ ನನಗೂ ಗೊತ್ತಿತ್ತು. ನೀನು ಮಾಡಿದ್ದು ಸರಿ ಉಂಟು. ನನ್ನಿಂದ ಇಲ್ಲಿ ಬೇಯಿಸ್ಲಿಕ್ಕೆ ಆಗುದಿಲ್ಲ, ಅಷ್ಟೇ."

ಒಳಗೆ ಗಂಡನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೂಗಿ ಕರೆಯಲೇ ಎಂದು ನಾನು ತಿರುಗುವಷ್ಟರಲ್ಲಿ ಬೇಡವೆಂದು ಕೈ ಅಲ್ಲಾಡಿಸಿದರು. ಟ್ರಂಕು ಎತ್ತಿಕೊಂಡು ಬ್ರಿಜ್ಜಿನ ಮೆಟ್ಟಲು ಹತ್ತಿದರು. ಕೆಳಗಿಳಿಯುವ ಜನ ಅವರನ್ನು ಒತ್ತುತ್ತಿದ್ದರು, ಅವರು ಕಟಕಟೆ ಹಿಡಿದು ಹತ್ತುತ್ತಲೇ ಇದ್ದರು. ನಾನು ಮಾಡಿದ್ದು ಸರಿ. ಇವತ್ತು ಕೇಳಿದರೂ ಸರಿ ಎಂದೇ ಹೇಳುತ್ತೇನೆ. ಆದರೆ ಆಗ ಹಲಗೆ ಹಾರಿ ಹೋಗಿ ಅವರ ಕಾಲು ಹಿಡಿಯಬೇಕೆನಿಸಿತು. ಅಷ್ಟರಲ್ಲಿ ಮುಂದೆ ನಿಂತವನು, ಬಾಯೀ, ಲೋಕಲ್ ಬರುತ್ತದೆ, ಎರಡು ಇಡ್ಲಿ ಬೇಗ ಕೊಡು ಎಂದು ಹಲಗೆ ತಟ್ಟಿದ.

ಮಾವ ಬೇಯಿಸಿಟ್ಟ ಇಡ್ಲಿ ಮುಗಿದಿತ್ತು. ಸ್ವಲ್ಪ ತಡೆ ಎಂದು ಅವನಿಗೆ ಹೇಳಿ, ಒಲೆಗೆ ಇದ್ದಲು ನೂಕಿ, ನಾನು ಹಿಟ್ಟು ಹೊಯ್ದೆ.